‘ಛಪ್ರಿ’ ಮೀಮ್‌ಗಳು ನಗುವುದು ಬಟ್ಟೆಗೋ, ಬಟ್ಟೆ ತೊಟ್ಟವರಿಗೋ?

ಕೂದಲಿಗೆ ಕೆಂಪು ಬಣ್ಣ, ಮೊಣಕಾಲಿನ ಹತ್ತಿರ ಹರಿದ ಬಿಗಿ ಜೀನ್ಸ್, ಕಣ್ಣಿಗೆ ಮಿರಿಮಿರಿ ಕನ್ನಡಕ, ಪಕ್ಕದಲ್ಲಿ ಗೆಳೆಯನಿಂದ ಕೇಳಿ ತಂದ ಬೈಕು. ಇಂಥ ಹುಡುಗನ ಫೋಟೊ, ಅದರ ಮೇಲೆ ಒಂದು ಸಾಲಿನ ಕುಹಕ. ನಿಮ್ಮ ವಾಟ್ಸಾಪ್ ಗುಂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಅದರ ಕೆಳಗಿನ ಕಾಮೆಂಟುಗಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಪದ: ‘ಛಪ್ರಿ’. ಯಾರಾದರೂ ಆಕ್ಷೇಪಿಸಿದರೆ ಉತ್ತರ ಸಿದ್ಧವಾಗಿರುತ್ತದೆ. ‘ತಮಾಷೆ ಅಷ್ಟೇ ಗುರು, ನಾವು ನಗುತ್ತಿರೋದು ಅವನ ಬಟ್ಟೆಗೆ, ಅವನಿಗಲ್ಲ.’

ಈ ಉತ್ತರದೊಳಗೆ ಎರಡು ನಂಬಿಕೆಗಳಿವೆ. ಇಂಥ ಮೀಮ್‌ಗಳು ಬಟ್ಟೆಯನ್ನಷ್ಟೇ ಗೇಲಿ ಮಾಡುತ್ತವೆ ಎಂಬುದು ಒಂದು. ತಮಾಷೆಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬುದು ಇನ್ನೊಂದು. ಎರಡೂ ಎಷ್ಟು ನಿಜ ಎಂದು ಪರೀಕ್ಷಿಸಿ ನೋಡಲು ಸಾಧ್ಯವಿದೆ.

ಮೊದಲು ಮೀಮ್ ಎಂಬ ಪದದ ಬಗ್ಗೆ ಎರಡು ಮಾತು. ಇದನ್ನು ಟಂಕಿಸಿದವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, 1976ರ ‘ದಿ ಸೆಲ್ಫಿಶ್ ಜೀನ್’ ಪುಸ್ತಕದಲ್ಲಿ. ಜೀನ್‌ಗಳು ದೇಹದಿಂದ ದೇಹಕ್ಕೆ ಸಾಗುವಂತೆ ಒಂದು ರಾಗ, ಒಂದು ಫ್ಯಾಷನ್, ಒಂದು ನುಡಿಗಟ್ಟು ಮಿದುಳಿನಿಂದ ಮಿದುಳಿಗೆ ನಕಲಾಗುತ್ತಾ ಸಾಗುತ್ತದೆ ಎಂದು ಅವರು ವಿವರಿಸಿದ್ದರು. ಗಮನಿಸಿ, ಅವರು ಕೊಟ್ಟ ಉದಾಹರಣೆಗಳಲ್ಲೇ ಉಡುಪಿನ ಫ್ಯಾಷನ್ನೂ ಇತ್ತು. ಇಂಟರ್ನೆಟ್ ಮೀಮ್‌ಗಳನ್ನು ಅಧ್ಯಯನ ಮಾಡಿದ ಲಿಮೋರ್ ಶಿಫ್ಮನ್ 2014ರ ತಮ್ಮ ಪುಸ್ತಕದಲ್ಲಿ ಇನ್ನೊಂದು ಅಂಶ ಸೇರಿಸಿದರು. ಒಂಟಿ ಚಿತ್ರ ಮೀಮ್ ಆಗುವುದಿಲ್ಲ. ಒಂದನ್ನು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು ಎಂದು ಜನ ಬದಲಿಸುತ್ತಾ ಹಂಚಿದಾಗ ಆಗುವ ಗುಂಪೇ ಮೀಮ್. ಹಾಗಾಗಿ ಚಿತ್ರದಲ್ಲಿರುವ ವ್ಯಕ್ತಿ ಕ್ರಮೇಣ ವ್ಯಕ್ತಿಯಾಗಿ ಉಳಿಯುವುದಿಲ್ಲ, ಒಂದು ‘ಟೈಪ್’ ಆಗಿಬಿಡುತ್ತಾನೆ.

ಅದೇ ಜೀನ್ಸ್, ಬೇರೆ ಕಾಲು

ನಗು ಬಟ್ಟೆಗೆ ಮಾತ್ರ ಎನ್ನುವುದಾದರೆ, ಅದೇ ಬಟ್ಟೆಯನ್ನು ಯಾರು ತೊಟ್ಟರೂ ಅದೇ ನಗು ಬರಬೇಕು. ಬರುತ್ತದೆಯೇ? ಬಣ್ಣ ಹಚ್ಚಿದ ಕೂದಲು ಸಿನಿಮಾ ನಟನ ತಲೆಯ ಮೇಲಿದ್ದರೆ ‘ನ್ಯೂ ಲುಕ್’, ಕ್ರಿಕೆಟಿಗನ ತಲೆಯ ಮೇಲಿದ್ದರೆ ಸುದ್ದಿ. ಹರಿದ ಜೀನ್ಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. 2021ರ ಮಾರ್ಚ್‌ನಲ್ಲಿ ಆಗಿನ ಉತ್ತರಾಖಂಡ ಮುಖ್ಯಮಂತ್ರಿ ತೀರಥ್ ಸಿಂಗ್ ರಾವತ್, ಹರಿದ ಜೀನ್ಸ್ ಹಾಕುವ ಮಹಿಳೆಯರು ಮಕ್ಕಳಿಗೆ ಎಂಥ ಸಂಸ್ಕಾರ ಕೊಡುತ್ತಾರೆ ಎಂಬರ್ಥದ ಮಾತಾಡಿದರು. ದೇಶದ ಎಲ್ಲೆಡೆಯಿಂದ ಮಹಿಳೆಯರು ಹರಿದ ಜೀನ್ಸ್ ತೊಟ್ಟ ತಮ್ಮ ಫೋಟೊಗಳನ್ನು ಹಾಕಿ ಪ್ರತಿಭಟಿಸಿದರು. ಆ ವಾರ ಹರಿದ ಜೀನ್ಸ್ ಸ್ವಾತಂತ್ರ್ಯದ ಗುರುತಾಗಿತ್ತು. ಅದೇ ಜೀನ್ಸ್ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗನ ಕಾಲಿಗೆ ಬಂದಾಗ ಮಾತ್ರ ‘ಛಪ್ರಿ’ಯ ಗುರುತು. ಬಟ್ಟೆ ಬದಲಾಗಿಲ್ಲ.

ಹಾಗಾದರೆ ನಗುವುದು ಬಡತನಕ್ಕೋ? ಅದೂ ಪೂರ್ತಿ ಸರಿಯಲ್ಲ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ, ಟಿಕೆಟ್ ಇದ್ದರೂ ಬಟ್ಟೆ ನೋಡಿ ಒಬ್ಬ ರೈತರನ್ನು ಒಳಗೆ ಬಿಡಲಿಲ್ಲ. ವಿಡಿಯೊ ಹರಡಿ ಜನ ಸಿಟ್ಟಾದರು. ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಆಗಲೂ ಇಡೀ ರಾಜ್ಯ ರೈತರ ಪರ ನಿಂತಿತು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಮಂಡಲದಲ್ಲೇ ಹೇಳಿತು. ಪಂಚೆ, ತಲೆಗೆ ರುಮಾಲು, ಮಾಸಿದ ಅಂಗಿ ಕಂಡಾಗ ನಮ್ಮ ಮೊಬೈಲುಗಳು ಗೇಲಿ ಮಾಡಲಿಲ್ಲ, ಕಣ್ಣೀರು ಹಾಕಿದವು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇದು: ಬಡವರು ಬಡವರ ಹಾಗೆಯೇ ಕಂಡರೆ ಕನಿಕರ ಸಿಗುತ್ತದೆ. ಅವರ ಮಗ ಹೀರೊ ಹಾಗೆ ಕಾಣಲು ಹೊರಟರೆ ನಗು ಬರುತ್ತದೆ. ಹಾವೇರಿಯ ಆ ಹಿರಿಯರ ಬದಲು, ಕೂದಲಿಗೆ ಬಣ್ಣ ಹಚ್ಚಿದ ಇಪ್ಪತ್ತರ ಗಾರೆ ಕೆಲಸದ ಹುಡುಗನನ್ನು ಅದೇ ಬಾಗಿಲಲ್ಲಿ ತಡೆದಿದ್ದರೆ ಎಷ್ಟು ಜನ ದನಿ ಎತ್ತುತ್ತಿದ್ದೆವು? ನನಗೆ ಅನುಮಾನವಿದೆ.

ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1979ರಲ್ಲಿ ಪ್ರಕಟಿಸಿದ ‘ಡಿಸ್ಟಿಂಕ್ಷನ್’ ಎಂಬ ದೊಡ್ಡ ಅಧ್ಯಯನದ ತಿರುಳು ಇದಕ್ಕೆ ಹತ್ತಿರದ್ದು. ಅಭಿರುಚಿ ಎನ್ನುವುದು ಹುಟ್ಟಿನಿಂದ ಬಂದ ವರವಲ್ಲ. ಬೆಳೆದ ಮನೆ, ಓದು, ಹಣ ಇವೆಲ್ಲ ಸೇರಿ ಕಲಿಸಿದ ಪಾಠ. ಆದರೆ ಉಳ್ಳವರು ಅದನ್ನು ತಮ್ಮ ಸಹಜ ಗುಣದಂತೆ ತೋರಿಸಿಕೊಂಡು, ಉಳಿದವರನ್ನು ಅಳೆಯುವ ಕೋಲು ಮಾಡಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಟ್ರ್ಯಾಕ್‌ಸೂಟ್, ದಪ್ಪ ಸರ ಹಾಕುವ ಕಾರ್ಮಿಕ ಕುಟುಂಬಗಳ ಹುಡುಗರನ್ನು ‘ಚಾವ್’ ಎಂದು ಆಡಿಕೊಳ್ಳುವುದರ ಬಗ್ಗೆ ಓವೆನ್ ಜೋನ್ಸ್ 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಪದ ಬೇರೆ, ಕೋಲು ಅದೇ.

ಚಿಂಚೋಳಿಯಿಂದ ನೋಡಿದರೆ

ಕಲಬುರಗಿ ಜಿಲ್ಲೆಯ ಅಂಚಿನಲ್ಲಿ, ತೆಲಂಗಾಣಕ್ಕೆ ತಾಗಿಕೊಂಡ ತಾಲ್ಲೂಕು ಚಿಂಚೋಳಿ. ತೊಗರಿಯ ಹೊಲಗಳು, ಕೊಂಚಾವರಂ ಕಾಡು, ಹತ್ತಾರು ಲಂಬಾಣಿ ತಾಂಡಾಗಳು. ಮಳೆ ಕೈಕೊಟ್ಟರೆ ಹೈದರಾಬಾದ್, ಪುಣೆ, ಮುಂಬಯಿ, ಬೆಂಗಳೂರು ಎಂದು ಜನ ಗುಳೆ ಹೋಗುತ್ತಾರೆ. ಅಲ್ಲಿ ಸೆಂಟ್ರಿಂಗ್, ಗಾರೆ, ಹೋಟೆಲ್ ಕೆಲಸ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಮರಳುವ ಹುಡುಗನ ಮೈಮೇಲೆ ಇರುವ ಹೊಸ ಜೀನ್ಸ್, ತಲೆಯ ಮೇಲಿನ ಹೊಸ ಕಟ್ಟಿಂಗ್ ಬರೀ ಶೋಕಿಯಲ್ಲ. ಆರು ತಿಂಗಳು ಸಿಮೆಂಟು ಹೊತ್ತಿದ್ದಕ್ಕೆ ಅವನು ತಂದ ಪುರಾವೆ ಅದು. ಮನೆ ಕಟ್ಟಲು ಆಗದು, ಹೊಲ ಕೊಳ್ಳಲು ಆಗದು. ಕೈಗೆಟಕುವ ಏಕೈಕ ಬದಲಾವಣೆ ತನ್ನ ತಲೆ ಮತ್ತು ತನ್ನ ಬಟ್ಟೆ.

ಮನೆಯವರು ಗೇಲಿ ಮಾಡುವುದಿಲ್ಲ ಎಂದಲ್ಲ. ‘ಇದೇನ್ ತಲಿ ಮಾಡ್ಕೊಂಡಿಯೋ, ಹುಂಜದ ಜುಟ್ಟ ಆಗ್ಯಾದಲ್ಲ!’ ಎಂದು ಅಜ್ಜಿ ಅಂದೇ ಅನ್ನುತ್ತಾಳೆ. ಮಾವ, ಅತ್ತೆ, ಗೆಳೆಯರು ಎಲ್ಲರೂ ಒಂದೊಂದು ಮಾತು ಸೇರಿಸುತ್ತಾರೆ. ಈ ಬಗೆಯ ನಗೆಗೆ ಮಾನವಶಾಸ್ತ್ರದಲ್ಲಿ ಒಂದು ಹೆಸರೇ ಇದೆ. ಎ. ಆರ್. ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಇದನ್ನು ‘ಹಾಸ್ಯ ಸಂಬಂಧ’ ಎಂದು ಕರೆದು ವಿವರಿಸಿದರು: ಕೆಲವು ನೆಂಟಸ್ತಿಕೆಗಳಲ್ಲಿ ಒಬ್ಬರನ್ನೊಬ್ಬರು ಕಿಚಾಯಿಸಲು ಪರವಾನಗಿ ಇರುತ್ತದೆ, ಎದುರಿನವರು ಅದಕ್ಕೆ ಸಿಟ್ಟಾಗಬಾರದೆಂಬ ನಿಯಮವೂ ಇರುತ್ತದೆ. ಬೀಗರ ಕಡೆಯವರನ್ನು ಹಾಡಿನಲ್ಲೇ ಹೀಯಾಳಿಸುವ ನಮ್ಮ ಮದುವೆ ಮನೆಗಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಉತ್ತರ ಕರ್ನಾಟಕದ ಹೋಳಿ ಹುಣ್ಣಿಮೆಯಲ್ಲಿ ಹುಡುಗರು ಬೀದಿಯಲ್ಲಿ ಬಾಯಿ ಬಡಿದುಕೊಂಡು ಊರ ದೊಡ್ಡವರನ್ನೂ ಬಿಡದೆ ಬಯ್ಯುತ್ತಾರೆ. ಕಾಮಣ್ಣ ಸುಟ್ಟು ಬಣ್ಣ ಆಡಿ ಮುಗಿದ ಮೇಲೆ ಆ ಪರವಾನಗಿ ಮುಗಿಯುತ್ತದೆ.

ಅಲ್ಲಿ ಮೂರು ಕಟ್ಟುಪಾಡುಗಳಿದ್ದವು. ನಗುವವರು ಯಾರೆಂದು ಗೊತ್ತಿತ್ತು, ತಿರುಗಿ ನಗುವ ಹಕ್ಕಿತ್ತು, ಒಂದು ಕೊನೆ ಇತ್ತು. ಮೀಮ್‌ನಲ್ಲಿ ಮೂರೂ ಇಲ್ಲ. ಹುಂಜದ ಜುಟ್ಟು ಎಂದ ಅಜ್ಜಿ ಅದೇ ಕೈಯಿಂದ ರೊಟ್ಟಿ ಬಡಿದು ಹಾಕುತ್ತಾಳೆ. ಅವನ ರೀಲ್ಸ್ ಕತ್ತರಿಸಿ ‘ಕ್ರಿಂಜ್’ ಸಂಕಲನಕ್ಕೆ ಹಾಕಿದವನಿಗೆ ಇವನ ಹೆಸರೂ ಗೊತ್ತಿಲ್ಲ.

ಈ ಸಂಕಲನಗಳ ದೊಡ್ಡ ಅಲೆ ಎದ್ದದ್ದು ಟಿಕ್‌ಟಾಕ್ ಕಾಲದಲ್ಲಿ. ಇಂಗ್ಲಿಷ್ ಬಾರದಿದ್ದರೂ, ಅಕ್ಷರ ಟೈಪ್ ಮಾಡಲು ಬಾರದಿದ್ದರೂ ಯಾರು ಬೇಕಾದರೂ ಹಾಡಿ ಕುಣಿದು ಹಾಕಬಹುದಾಗಿದ್ದ ಜಾಲ ಅದು. 2020ರ ಮೇ ತಿಂಗಳಲ್ಲಿ ಯೂಟ್ಯೂಬರುಗಳು ಮತ್ತು ಟಿಕ್‌ಟಾಕರುಗಳ ನಡುವೆ ನಡೆದ ದೊಡ್ಡ ಜಗಳದಲ್ಲಿ ಟಿಕ್‌ಟಾಕರುಗಳ ಬಟ್ಟೆ, ಕೂದಲು, ಭಾಷೆ, ಹೆಣ್ಣಿಗತನ ಎಲ್ಲವೂ ಗೇಲಿಯ ಸರಕಾದವು. ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಹುಡುಗರು ಇನ್‌ಸ್ಟಾಗ್ರಾಂ ರೀಲ್ಸ್‌ಗೆ ಬಂದರು. ಗೇಲಿಯೂ ಅವರ ಹಿಂದೆಯೇ ಬಂತು.

ಚಪ್ಪರದಿಂದ ಬಂದ ಬೈಗುಳ

ಈಗ ಪದಕ್ಕೆ ಬರೋಣ. ಛಪ್ರಿ ಹೊಸ ತಲೆಮಾರಿನವರು ಕಟ್ಟಿದ ಪದ ಎಂದೇ ಅನೇಕರು ಭಾವಿಸಿದ್ದಾರೆ. ಅದರ ಬೇರು ನಮಗೆಲ್ಲ ಗೊತ್ತಿರುವ ಮಾತಿನಲ್ಲಿದೆ. ಹಿಂದಿ, ಮರಾಠಿ, ದಖ್ಖನಿಯ ‘ಛಪ್ಪರ್’ ಅಂದರೆ ಹುಲ್ಲಿನ ಮಾಡು. ಕನ್ನಡದಲ್ಲಿ ಮದುವೆ ಮನೆ ಮುಂದೆ ಹಾಕುವ ಚಪ್ಪರವೂ ಇದರ ಬಂಧುವೇ. ಛಪ್ಪರದಡಿ ಬದುಕುವವನು, ಅಂದರೆ ಕೀಳು ಎಂಬ ಅರ್ಥದಲ್ಲಿ ಛಪ್ರಿ ಬೈಗುಳವಾಯಿತು ಎಂಬುದು ಒಂದು ವಾದ. ಹುಲ್ಲು ಮಾಡು ಹೊದಿಸುವುದೇ ಕಸುಬಾಗಿದ್ದ ಛಪ್ಪರಬಂದ್ ಸಮುದಾಯದ ಹೆಸರಿನಿಂದ ಬಂತು ಎಂಬುದು ಇನ್ನೊಂದು. ಯಾವ ದಾರಿಯಿಂದ ಬಂದರೂ ತಲುಪುವ ಮನೆ ಬಡವರದ್ದೇ.

ಛಪ್ಪರಬಂದರು ದೂರದವರೇನಲ್ಲ. ವಿಜಯಪುರ ಭಾಗದಲ್ಲಿ ಹಿಂದಿನಿಂದ ನೆಲೆಸಿದವರು. ಮೊಘಲ್ ಸೈನ್ಯದ ಜೊತೆ ದಖ್ಖನಿಗೆ ಬಂದು ಅದರ ಬೀಡುಗಳಿಗೆ ಮಾಡು ಹಾಕಿಕೊಡುತ್ತಿದ್ದವರು ಎಂದು ಅವರ ಬಗ್ಗೆ ಹಳೆಯ ದಾಖಲೆಗಳು ಹೇಳುತ್ತವೆ. ಬ್ರಿಟಿಷರ ಕಾಲದ ಪೊಲೀಸ್ ಕೈಪಿಡಿಗಳು ಇಡೀ ಸಮುದಾಯಕ್ಕೆ ಖೋಟಾ ನಾಣ್ಯ ಮಾಡುವವರು ಎಂಬ ಹಣೆಪಟ್ಟಿ ಹಚ್ಚಿದವು. 1871ರಲ್ಲಿ ಬಂದ ‘ಕ್ರಿಮಿನಲ್ ಟ್ರೈಬ್ಸ್’ ಕಾಯ್ದೆ ಹೀಗೆ ಹುಟ್ಟಿನಿಂದಲೇ ಅಪರಾಧಿ ಎಂದು ಗುಂಪುಗಳನ್ನು ಗುರುತಿಸುವ ಕಾನೂನಾಗಿತ್ತು. ಅದು ರದ್ದಾಗಿದ್ದು 1952ರಲ್ಲಿ. ಇಂದು ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲೂ ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲೂ ಛಪ್ಪರಬಂದ್ ಹೆಸರಿದೆ. ಶಾಲೆಯ ದಾಖಲಾತಿಯಲ್ಲಿ ಆ ಹೆಸರು ಬರೆಸಿದ ಮಗು ಅದೇ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಛಪ್ರಿ ಸ್ಟಿಕ್ಕರ್ ನೋಡುತ್ತದೆ. ‘ನಾವು ಆ ಅರ್ಥದಲ್ಲಿ ಹೇಳಿಲ್ಲ’ ಎಂದು ನೀವು ಹೇಳಬಹುದು. ಹೇಳಿರಲಿಕ್ಕಿಲ್ಲ. ಪದ ಮಾತ್ರ ತನ್ನ ಅರ್ಥವನ್ನು ಹೊತ್ತೇ ತಿರುಗುತ್ತಿದೆ.

ಯಾರು ಏನು ತೊಡಬಹುದು ಎಂದು ಜಾತಿ ನಿರ್ಧರಿಸುತ್ತಿದ್ದ ಕಾಲ ತೀರಾ ಹಿಂದಿನದಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಮಹಿಳೆಯರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದ ಮೇಲೆ 1859ರಲ್ಲಿ ಅರಮನೆಯ ಘೋಷಣೆ ಬಂತು. 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ದಲಿತ ಮಹಿಳೆಯರನ್ನು ಉದ್ದೇಶಿಸಿ ಮಾತಾಡುತ್ತಾ, ಜಾತಿಯ ಗುರುತಾಗಿರುವ ಸೀರೆ ಉಡುವ ಕ್ರಮವನ್ನೂ ಭಾರದ ಬೆಳ್ಳಿ ಒಡವೆಗಳನ್ನೂ ಬಿಡಿ, ಸ್ವಚ್ಛವಾಗಿ, ಗೌರವದಿಂದ ಉಡಿ ಎಂದರು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಮೇಲ್ಜಾತಿಯವರ ಓಣಿ ದಾಟುವಾಗ ಕಾಲಿನ ಚಪ್ಪಲಿ ಕೈಗೆ ಬರಬೇಕಿತ್ತು. ‘ಇವನಿಗೆ ಇದು ಬೇಕಿತ್ತಾ’ ಎಂದು ಬೈಕ್ ಪಕ್ಕ ನಿಂತ ಹುಡುಗನಿಗೆ ಹಾಕುವ ಕಾಮೆಂಟು ಯಾವ ಓಣಿಯ ಮಾತೆಂದು ಗುರುತಿಸುವುದು ಕಷ್ಟವಲ್ಲ.

ಚಿಂಚೋಳಿಯ ತಾಂಡಾಗಳಿಗೆ ಈ ಲೆಕ್ಕ ಇನ್ನೊಂದು ರೀತಿಯಲ್ಲಿ ಗೊತ್ತು. ಕನ್ನಡಿ, ಕವಡೆ, ಬಣ್ಣದ ದಾರದ ಕಸೂತಿ ಇರುವ ಲಂಬಾಣಿ ಹೆಂಗಸರ ಉಡುಪನ್ನು ಸಂತೆಯಲ್ಲಿ, ಬಸ್ಸಿನಲ್ಲಿ ತಿರುಗಿ ನೋಡಿ ನಕ್ಕವರು ಕಡಿಮೆಯಿಲ್ಲ. ಸೊಸೆಯಂದಿರು, ಹೆಣ್ಣುಮಕ್ಕಳು ಸೀರೆ, ಚೂಡಿದಾರಕ್ಕೆ ಬದಲಾದರು. ಹಳೆಯ ಉಡುಪು ಹಬ್ಬ ಮತ್ತು ಮದುವೆಗೆ ಉಳಿಯಿತು. ಅದೇ ಹೊತ್ತಿಗೆ ಅದೇ ಕಸೂತಿ ಬ್ಯಾಗು, ಜಾಕೆಟ್ಟುಗಳಾಗಿ ದೊಡ್ಡ ಅಂಗಡಿ ಸೇರಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅಭಿಮಾನ ಪಡಬೇಕಾದ ಸಂಗತಿಯೇ. ಆದರೆ ಸಂತೆಯಲ್ಲಿ ಅದೇ ಉಡುಪು ತೊಟ್ಟ ಅಜ್ಜಿಯ ಫೋಟೊ ಇನ್ನೂ ಮೀಮ್ ಆಗಿ ತಿರುಗುತ್ತಿರುವಾಗ ದಾಖಲೆ ಯಾವುದಕ್ಕೆ ಸಿಕ್ಕಿತು, ಬಟ್ಟೆಗೋ ತೊಟ್ಟವರಿಗೋ?

ತಮಾಷೆ ಮಾಡುವ ಕೆಲಸ

ಎರಡನೆಯ ನಂಬಿಕೆ: ತಮಾಷೆಯಿಂದ ಏನೂ ಆಗುವುದಿಲ್ಲ. ಇದನ್ನು ಪ್ರಯೋಗದಲ್ಲಿ ಪರೀಕ್ಷಿಸಿದವರಲ್ಲಿ ಪ್ರಮುಖರು ಅಮೆರಿಕದ ಮನೋವಿಜ್ಞಾನಿ ಥಾಮಸ್ ಫೋರ್ಡ್. 2008ರಲ್ಲಿ ಅವರು ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಪುರುಷರಿಗೆ ಹೆಂಗಸರನ್ನು ಹೀಯಾಳಿಸುವ ಹಾಸ್ಯ ತೋರಿಸಿ, ಆಮೇಲೆ ಮಹಿಳಾ ಸಂಘಟನೆಯೊಂದಕ್ಕೆ ಎಷ್ಟು ಹಣ ಕೊಡುವಿರಿ, ಎಷ್ಟು ಅನುದಾನ ಕಡಿತ ಮಾಡುವಿರಿ ಎಂದು ನೋಡಲಾಯಿತು. ಮಹಿಳೆಯರ ಬಗ್ಗೆ ಮೊದಲೇ ಅಸಹನೆ ಇದ್ದ ಪುರುಷರು ಆ ಹಾಸ್ಯ ನೋಡಿದ ಮೇಲೆ ಹೆಚ್ಚು ಕೈ ಬಿಗಿ ಹಿಡಿದರು. ಅದೇ ಕೀಳು ಅಭಿಪ್ರಾಯವನ್ನು ನಗೆಯಿಲ್ಲದೆ ಗಂಭೀರವಾಗಿ ಹೇಳಿದಾಗ ಆ ಪರಿಣಾಮ ಕಾಣಲಿಲ್ಲ. ಅಸಹನೆ ಇಲ್ಲದವರಲ್ಲಿ ಹಾಸ್ಯ ಹೊಸದಾಗಿ ಅದನ್ನು ಹುಟ್ಟಿಸಲೂ ಇಲ್ಲ.

ಅಂದರೆ, ಒಂದು ಮೀಮ್ ನೋಡಿದ ಮಾತ್ರಕ್ಕೆ ಒಳ್ಳೆಯವರು ಕೆಟ್ಟವರಾಗುವುದಿಲ್ಲ. ಆ ಮಟ್ಟಿಗೆ ‘ತಮಾಷೆ ಅಷ್ಟೇ’ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಒಳಗೆ ತಿರಸ್ಕಾರ ಇಟ್ಟುಕೊಂಡವನಿಗೆ ‘ಇಲ್ಲಿ ಇದು ನಡೆಯುತ್ತದೆ’ ಎಂಬ ಹಸಿರು ನಿಶಾನೆ ಸಿಗುತ್ತದೆ. ಅವನು ಕೆಲಸಕ್ಕೆ ಆಳು ಆರಿಸುವ ಮೇಸ್ತ್ರಿಯಾಗಿರಬಹುದು, ಬಾಡಿಗೆಗೆ ಕೋಣೆ ಕೊಡುವ ಮಾಲೀಕನಾಗಿರಬಹುದು, ಹಾಸ್ಟೆಲ್ ವಾರ್ಡನ್ ಆಗಿರಬಹುದು.

ನಗೆಗೆ ಗುರಿಯಾದವರ ಕಡೆಯಿಂದಲೂ ಒಂದು ಪ್ರಯೋಗ ನೆನಪಿಸಿಕೊಳ್ಳಬೇಕು. 2000ದಲ್ಲಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರ ಹುಟ್ಟಿಸುವ ಟಿ-ಶರ್ಟ್ ತೊಡಿಸಿ ಇತರರಿದ್ದ ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಮ್ಮ ಟಿ-ಶರ್ಟ್ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗಕ್ಕಿಂತ ಕಡಿಮೆ ಜನ. ‘ನಿನ್ನನ್ನು ಯಾರೂ ಅಷ್ಟು ನೋಡುತ್ತಿಲ್ಲ, ಹೆದರಬೇಡ’ ಎಂದು ಹದಿಹರೆಯದವರಿಗೆ ಸಮಾಧಾನ ಹೇಳಲು ಈ ಪ್ರಯೋಗ ಬಹಳ ಒಳ್ಳೆಯದು. ತೊಂದರೆ ಏನೆಂದರೆ, ಮೀಮ್ ಆದ ಹುಡುಗನಿಗೆ ಈ ಸಮಾಧಾನ ಕೆಲಸ ಮಾಡುವುದಿಲ್ಲ. ಅವನನ್ನು ನಿಜಕ್ಕೂ ಎಲ್ಲರೂ ನೋಡುತ್ತಿದ್ದಾರೆ. ನೋಡಿದವರ ಸಂಖ್ಯೆ ಚಿತ್ರದ ಕೆಳಗೇ ಇದೆ.

ಉಡುಪು ಲಿಂಗದ ಗಡಿ ದಾಟಿದಾಗ ಈ ನಗೆ ಅತಿ ಕ್ರೂರವಾಗುತ್ತದೆ. 2023ರ ನವೆಂಬರ್‌ನಲ್ಲಿ ಮಧ್ಯಪ್ರದೇಶದ ಉಜ್ಜಯಿನಿಯಲ್ಲಿ, ಸ್ವಂತವಾಗಿ ಮೇಕಪ್ ಕಲಿತಿದ್ದ 16 ವರ್ಷದ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಸೀರೆ ಉಟ್ಟ ರೀಲ್ಸ್ ಹಾಕಿದ. ಸಾವಿರಾರು ಹೀನ ಕಾಮೆಂಟುಗಳು ಬಂದವು. ಕೆಲವೇ ದಿನಗಳಲ್ಲಿ ಆತ ತನ್ನ ಜೀವ ತೆಗೆದುಕೊಂಡ. ಆತ್ಮಹತ್ಯೆಯ ಹಿಂದೆ ಯಾವತ್ತೂ ಒಂದೇ ಕಾರಣ ಇರುವುದಿಲ್ಲ ಎಂದು ಮನೋವೈದ್ಯರು ಹೇಳುತ್ತಾರೆ, ಅದನ್ನು ನೆನಪಿಡಬೇಕು. ಆ ಕಾಮೆಂಟುಗಳನ್ನೂ ಮರೆಯಬಾರದು. ಗಂಡಾಗಿ ಹುಟ್ಟಿ ಸೀರೆ ಉಟ್ಟವರು ನಮ್ಮ ಭಾಗಕ್ಕೆ ಹೊಸಬರಲ್ಲ. ಎಲ್ಲಮ್ಮನ ಜೋಗಪ್ಪಗಳ ಪರಂಪರೆ ಉತ್ತರ ಕರ್ನಾಟಕದ್ದೇ. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಪ್ರಶಸ್ತಿಯ ವಿಡಿಯೊ ಹಂಚಿಕೊಂಡ ಮೊಬೈಲುಗಳಲ್ಲೇ ಇಂಥ ಮೀಮ್‌ಗಳೂ ಇರುತ್ತವೆ.

ಹಾಗೆಂದು ಬಟ್ಟೆಬರೆಯ ಬಗ್ಗೆ ನಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಲಕ್ಷ ರೂಪಾಯಿಯ ಹರಕು ಶೂ ಮಾರುವ ಕಂಪನಿಗೆ, ಮಳೆಗಾಲದಲ್ಲಿ ತಂಪು ಕನ್ನಡಕ ಬಿಡದ ರಾಜಕಾರಣಿಗೆ ನಗೋಣ. ನಮ್ಮ ಭಾಗದ ಹುಡುಗರೇ ತಮ್ಮ ಕಟ್ಟಿಂಗ್, ತಮ್ಮ ಬೈಕು, ತಮ್ಮ ‘ಹೊಂಟೀನ್ರಿ, ಬಂದೀನ್ರಿ’ ಮೇಲೆ ತಾವೇ ಮೀಮ್ ಮಾಡುತ್ತಾರೆ; ಅವು ಬೆಂಗಳೂರಿನಿಂದ ಬರುವ ಗೇಲಿಗಿಂತ ಎಷ್ಟೋ ಚುರುಕು. ಅಲ್ಲಿ ನಗುವವನು ಅದೇ ಕಟ್ಟೆಯ ಮೇಲೆ ಕೂತಿರುತ್ತಾನೆ. (ಬಣ್ಣ ಹಚ್ಚುವವರಿಗೆ ಒಂದು ಬೇರೆ ಮಾತು: ಕೂದಲ ಬಣ್ಣ ಕೆಲವರಿಗೆ ಅಲರ್ಜಿ ಮಾಡುತ್ತದೆ. ಎರಡು ದಿನ ಮೊದಲೇ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ.)

ನಿಮ್ಮ ಅಥವಾ ನಿಮ್ಮ ಮನೆಯ ಮಕ್ಕಳ ಫೋಟೊ ಹೀಗೆ ತಿರುಗಾಡುತ್ತಿದ್ದರೆ, ಉತ್ತರ ಕೊಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಪೋಸ್ಟ್‌ನ ಮೂರು ಚುಕ್ಕೆ ಒತ್ತಿ ಕಿರುಕುಳ ಎಂಬ ಕಾರಣಕ್ಕೆ ರಿಪೋರ್ಟ್ ಮಾಡಬಹುದು. ವಾಟ್ಸಾಪ್ ಗುಂಪಿನಲ್ಲಿ ಬೇರೆಯವರು ಹಾಕಿದ್ದನ್ನೂ ಎಲ್ಲರಿಗೂ ಅಳಿಸುವ ಅವಕಾಶ ಅಡ್ಮಿನ್‌ಗಿದೆ. ಶಾಲೆ, ಕಾಲೇಜು, ಊರಿನ ಗುಂಪುಗಳಲ್ಲಿ ಅಡ್ಮಿನ್ ಸಾಮಾನ್ಯವಾಗಿ ಪರಿಚಯದವರೇ ಆಗಿರುತ್ತಾರೆ, ನೇರವಾಗಿ ಕೇಳಿ. ಬೆದರಿಕೆ ಅಥವಾ ಅಶ್ಲೀಲತೆ ಸೇರಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. 18 ವರ್ಷದೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.